ಹಡಗಿನ ನಿಟ್ಟುಸಿರು

ತಾರೀಖು ಹದಿನಾಲ್ಕು, ಶನಿವಾರ, ಮಧ್ಯಾಹ್ನ

ಪ್ರೀತಿಯ ಟೈಲರಮ್ಮನಿಗೆ,

ನಮಸ್ಕಾರ. ಗಂಡ ಹೆಂಡತಿಗೆ ನಮಸ್ಕಾರ ಬರೆಯುವ ರೂಢಿ ಇಲ್ಲವೆಂದು ಗೊತ್ತು. ಆದರೆ ಒಂಬತ್ತು ವರ್ಷದ ಮೇಲೆ ಮೊದಲ ಕಾಗದ ಬರೆಯುವವನು 'ಆಶೀರ್ವಾದಗಳು' ಎಂದು ಶುರು ಮಾಡಿದರೆ ನೀನು ಅದನ್ನು ಅಲ್ಲಿಗೇ ಮಡಚಿ ಯಾರದೋ ಅಂಗಿಯ ಕಾಲರಿನ ಅಳತೆಗೆ ಕತ್ತರಿಸಿಬಿಡುತ್ತೀಯ. ಕಾಗದ ಮೊದಲು ನಿನ್ನ ತಂಗಿಯ ಕೈಗೆ ಸಿಕ್ಕರೆ ಅವಳು ಓದದೆ ಬಿಡುವವಳಲ್ಲ. ಆದ್ದರಿಂದ ನಾದಿನಿಯನ್ನೂ ಕೇಳಿದೆನೆಂದು ತಿಳಿಸು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ಹೊಲಿಗೆ ಮಿಷನ್ ಎರಡು ಮಧ್ಯಾಹ್ನದ ಮಟ್ಟಿಗೆ ನನಗೆ ಬೇಕು. ನಾನೇ ಬಂದು ಒಯ್ಯುತ್ತೇನೆ, ನಾನೇ ತಂದು ಮುಟ್ಟಿಸುತ್ತೇನೆ. ಆಗುತ್ತದೋ ಇಲ್ಲವೋ ಕಾಗದದಲ್ಲೇ ಬರೆ. ಫೋನ್ ಮಾಡಬೇಡ, ಇಲ್ಲಿಯ ಫೋನು ಕೆಟ್ಟಿದೆ.

'ಆಚೆ ದಡ' ಮತ್ತೆ ಶುರುವಾಗಿರುವುದು ನಿನಗೂ ಗೊತ್ತಿರಬೇಕು. ಆಕಾಶದ ಆಚೆ ದಡ ಹುಡುಕಿ ಹೊರಟ ಹಡಗಿನ ಆ ಧಾರಾವಾಹಿಗೆ ನಾನು ಆರು ವರ್ಷ ಸದ್ದು ಜೋಡಿಸಿದ್ದು, ಆ ಆರು ವರ್ಷವೂ ನೀನು ಎರಡು ತಟ್ಟೆ ಹಾಕಿಕೊಂಡು ಕಾದದ್ದು, ಎರಡೂ ಹಳೆಯ ಕಥೆ. ಈಗ ಹೊಸ ನಟರು, ಹೊಸ ನಿರ್ದೇಶಕಿ, ಹೊಸ ಹಡಗು. ಮೊದಲ ಕಂತು ಬಂದ ಮಾರನೆಯ ದಿನದಿಂದಲೇ ದೂರುಗಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಅಭಿಮಾನಿಗಳು ಹೆರದೆಯೇ ಮುದ್ದು ಮಾಡುವವರು. ಕ್ಯಾಪ್ಟನ್ನನ ಬಲಗೆನ್ನೆಯ ಗಾಯದ ಗುರುತು ಮೂರನೇ ಕಂತಿನಲ್ಲಿ ಎಡಗೆನ್ನೆಗೆ ಹೋಗಿದೆಯಂತೆ. ಮೊದಲೆಲ್ಲ ಎಲ್ಲರ ಮೇಲೂ ರೇಗುತ್ತಿದ್ದ ರೋಬೋ ಈಗ ಬಟ್ಟೆ ಅಂಗಡಿಯವರ ಹಾಗೆ ವಿನಯ ತೋರಿಸುತ್ತದಂತೆ. ಮನುಷ್ಯರೇ ಇಲ್ಲದ ಗ್ರಹದಲ್ಲಿ ಬಂಡೆಯ ಹಿಂದೆ ಒಂದು ಸೈಕಲ್ ನಿಂತಿತ್ತಂತೆ. ಹಲ್ಲಿನ ಡಾಕ್ಟರೊಬ್ಬರು, ನಲವತ್ತು ವರ್ಷ ಆಕಾಶದಲ್ಲಿ ಅಲೆದವನ ಹಲ್ಲು ಇಷ್ಟು ಬೆಳ್ಳಗಿರಲು ಸಾಧ್ಯವೇ ಇಲ್ಲವೆಂದು ಎರಡು ಪುಟ ಬರೆದಿದ್ದಾರೆ. ಪ್ರೇಕ್ಷಕರ ವಿಭಾಗದ ಹುಡುಗಿ ಪ್ರತಿ ಸೋಮವಾರ ಇವನ್ನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ತಂದು ನಿರ್ದೇಶಕಿಯ ಮೇಜಿನ ಮೇಲೆ ಇಡುತ್ತಾಳೆ. ಇಟ್ಟವಳು ಒಂದು ಕ್ಷಣವೂ ಅಲ್ಲಿ ನಿಲ್ಲುವುದಿಲ್ಲ.

ಆದರೆ ಹತ್ತರಲ್ಲಿ ಏಳು ಕಾಗದಗಳಲ್ಲಿ ಒಂದೇ ಮಾತು: ಹಡಗು ಸತ್ತುಹೋಗಿದೆ. ಹಳೆಯ ಹಡಗಿಗೆ ಜೀವವಿತ್ತು, ಇದು ಬರೀ ತಗಡು. ಹೊಸ ಹಡಗಿನ ಸದ್ದನ್ನು ಕಂಪ್ಯೂಟರಿನಲ್ಲಿ ಮಾಡಿದ್ದರು. ದೂರು ಹೀಗೇ ಬಂದರೆ ಹನ್ನೆರಡು ಕಂತಿಗೆ ನಿಲ್ಲಿಸುತ್ತೇವೆಂದು ವಾಹಿನಿಯವರು ಹೇಳಿದ ಮೇಲೆ ನಿರ್ದೇಶಕಿ ನನ್ನನ್ನು ಹುಡುಕಿಕೊಂಡು ಮನೆಗೇ ಬಂದಳು. ಹಳೇ ಸದ್ದು ನಿಮ್ದೇ ಅಲ್ವಾ ಸರ್, ನೀವೇ ಬಂದು ಮಾಡ್ಕೊಡಿ ಅಂದಳು.

ಹೋದೆ. ಮನೆಯಲ್ಲಿ ಕೂತು ತಾನೆ ಏನು ಮಾಡಲಿ? ಬೆಳಿಗ್ಗೆ ಎದ್ದು ಒಂದು ಲೋಟ, ಒಂದು ತಟ್ಟೆ ತೊಳೆದಿಟ್ಟರೆ ನನ್ನ ಸಂಸಾರ ಮುಗಿಯಿತು. ಕಿಟಕಿಯ ಕೆಳಗೆ ನಿನ್ನ ಮಿಷನ್ ನಿಂತಿದ್ದ ಕಡೆ ನಾಲ್ಕು ಕಾಲಿನ ಗುರುತು ನೆಲದ ಮೇಲೆ ಇನ್ನೂ ಇದೆ. ಅಲ್ಲಿ ನಾನು ಏನನ್ನೂ ಇಟ್ಟಿಲ್ಲ. ಗುಡಿಸುವಾಗ ಈಗಲೂ ಒಂದೊಂದು ಗುಂಡುಸೂಜಿ ಸಿಗುತ್ತದೆ; ಒಂಬತ್ತು ವರ್ಷವಾದರೂ ಎಲ್ಲಿಂದ ಬರುತ್ತವೋ ಕಾಣೆ. ಸಿಕ್ಕಿದ್ದನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಒಂಟಿತನ ಅಭ್ಯಾಸವಾಗುತ್ತದೆ ಎಂದು ಹೇಳುವವರು ಸುಳ್ಳು ಹೇಳುತ್ತಾರೆ. ಅಭ್ಯಾಸವಾಗುವುದು ಅದನ್ನು ಬೇರೆಯವರಿಂದ ಮುಚ್ಚಿಡುವುದು ಮಾತ್ರ.

ಹಡಗಿನ ಸದ್ದು ಎಲ್ಲಿಂದ ಬಂತೆಂದು ಈ ಲೋಕದಲ್ಲಿ ಗೊತ್ತಿದ್ದವರು ನಾವಿಬ್ಬರೇ. ಅವತ್ತು ತರಿಸಲು ಹೇಳಿದ್ದ ಧ್ವನಿಮುದ್ರಿಕೆ ಬರಲಿಲ್ಲ, ಸಂಜೆಯೊಳಗೆ ಮೊದಲ ಕಂತು ಮುಗಿಸಿ ಕೊಡಬೇಕಿತ್ತು. ನೀನು ಯಾವುದೋ ಶಾಲೆಯ ನಲವತ್ತು ಜೊತೆ ಸಮವಸ್ತ್ರ ಹೊಲಿಯುತ್ತಾ ಕೂತಿದ್ದೆ. ಕಂಬಳಿ ಮಡಚಿ ಮಿಷನ್ನಿನ ಕೆಳಗಿಟ್ಟು, ಅದರ ಮೇಲೆ ಮೈಕ್ ಇಟ್ಟು, ಮಾತಾಡಬೇಡವೆಂದು ನಿನಗೆ ಅಂಗೈ ತೋರಿಸಿ, ಒಂದು ಗಂಟೆ ಅಲ್ಲೇ ನಿಂತಿದ್ದೆ. ಆಮೇಲೆ ಟೇಪಿನ ವೇಗವನ್ನು ಅರ್ಧಕ್ಕೆ ಇಳಿಸಿದೆ. ಕಾಲಿನಿಂದ ತುಳಿಯುವ ಆ ಮಿಷನ್ ಆಕಾಶದಷ್ಟು ದೊಡ್ಡ ಎಂಜಿನ್ ಆಗಿಬಿಟ್ಟಿತು.

ಆದ್ದರಿಂದ ಈ ಸಲವೂ ಸುಲಭ, ಹಾಳಾಗಿರುವ ಹಳೆಯ ಟೇಪು ಬೇಡ, ಹೊಸದಾಗಿ ಮುದ್ರಿಸಿದರಾಯಿತು ಎಂದುಕೊಂಡೆ. ನಿನ್ನನ್ನು ಕೇಳಲು ಮುಖವಿರಲಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಅದೇ ಕಂಪನಿಯ, ಅದೇ ಕಾಲದ ಮಿಷನ್ ಒಂದನ್ನು ಕೊಂಡೆ. ನಾನೇ ಕೂತು ತುಳಿದೆ. ಏಳು ದಿಂಬಿನ ಚೀಲ ಹೊಲಿದೆ. ಅದರಲ್ಲಿ ಒಂದನ್ನು ನನ್ನ ತೋಳಿಗೇ ಸೇರಿಸಿ ಹೊಲಿದುಕೊಂಡು, ಬಿಚ್ಚುವವರಿಲ್ಲದೆ ಹಲ್ಲಿನಿಂದ ಬಿಚ್ಚಿಕೊಂಡೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಸದ್ದು ಐದನೇ ಕಂತಿಗೆ ಹೋಯಿತು.

ದೂರು ನಿಲ್ಲಲಿಲ್ಲ, ಧಾಟಿ ಬದಲಾಯಿತು. ಎಂಜಿನ್ ಓಡುತ್ತಿದೆ, ಒಳಗೆ ಯಾರೂ ಇಲ್ಲ ಎಂದು ಬರೆದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನು ಮೈಕನ್ನು ಬೈದೆ, ಮಿಷನ್ನಿನ ಬೆಲ್ಟನ್ನು ಬೈದೆ, ಕೊನೆಗೆ ಕೇಳುವವರ ಕಿವಿಯನ್ನೇ ಬೈದೆ. ಆ ಹೊತ್ತಿಗೆ ಗಡಿಯಾರ ರಿಪೇರಿ ಮಾಡುವವರೊಬ್ಬರ ಕಾಗದ ಬಂತು. ಹನ್ನೊಂದು ಪುಟ, ಅಂಕಿ ಹಾಕಿ ಬರೆದ ಮೂವತ್ತೆರಡು ದೂರು, ಇರುವೆ ಸಾಲಿನಂಥ ಸಣ್ಣ ಅಕ್ಷರ. ಹದಿನೇಳನೆಯ ದೂರನ್ನು ಇಲ್ಲಿ ಬರೆಯುತ್ತೇನೆ: ಹಳೆಯ ಹಡಗು ಹೊರಡುವ ಮುಂಚೆ ಒಂದು ಸಲ ನಿಟ್ಟುಸಿರು ಬಿಡುತ್ತಿತ್ತು. ಅದು ಯಂತ್ರದ ಸದ್ದಲ್ಲ. ಒಳಗೆ ಯಾರೋ ಇದ್ದರು. ಅವರನ್ನು ಏಕೆ ತೆಗೆದಿರಿ?

ಇದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಯಾಕೆಂದು ನಿನಗೆ ಗೊತ್ತು. ಧಾರಾವಾಹಿಗೆ ಇಪ್ಪತ್ತು ವರ್ಷ ತುಂಬಿದ ಸಮಾರಂಭದಲ್ಲಿ ಯಾರೋ ಎದ್ದು ನಿಂತು ಹಡಗಿನ ಸದ್ದನ್ನು ಹೇಗೆ ಮಾಡಿದಿರಿ ಎಂದು ಕೇಳಿದರು. ನಾನು ಬಂದರಿಗೆ ಹೋದೆ, ಮೂರು ದಿನ ದೊಡ್ಡ ಹಡಗಿನ ಹೊಟ್ಟೆಯೊಳಗೆ ಕೂತೆ, ಎರಡು ಎಂಜಿನ್ನುಗಳ ಸದ್ದನ್ನು ಬೆರೆಸಿದೆ ಎಂದು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಮೂರನೇ ಸಾಲಿನಲ್ಲಿ ಕೂತಿದ್ದೆ. ಹೆಂಡತಿಯ ಹೊಲಿಗೆ ಮಿಷನ್ ಎಂದು ಹೇಳಲು ನನಗೆ ನಾಚಿಕೆಯಾಗಿತ್ತು. ಹಿತ್ತಲ ಗಿಡ ಮದ್ದಲ್ಲ ನೋಡು. ಮನೆಗೆ ಬರುವ ದಾರಿಯಲ್ಲಿ ಏನೋ ಸಮಜಾಯಿಷಿ ಕೊಡಲು ಬಾಯಿ ತೆರೆದೆ. ನೀನು ಅಂಗೈ ಎತ್ತಿದೆ. ಇಪ್ಪತ್ತು ವರ್ಷ ನಾನು ನಿನಗೆ ಎತ್ತಿದ್ದ ಅದೇ ಅಂಗೈ. ಮುಂದಿನ ವಾರ ನೀನು ಮಿಷನ್ ಹೊತ್ತ ಗಾಡಿಯಲ್ಲಿ ಕೂತು ತಂಗಿಯ ಮನೆಗೆ ಹೋದೆ. ಜಗಳವಿಲ್ಲ, ಕಣ್ಣೀರಿಲ್ಲ. ಅದಕ್ಕೇ ನೀನು ಬೇಗ ವಾಪಸು ಬರುತ್ತೀಯೆಂದು ತಿಳಿದಿದ್ದೆ, ದಡ್ಡ.

ಮೊದಲ ದಿನದ ಟೇಪು ಅಟ್ಟದ ಮೇಲಿತ್ತು. ಇಳಿಸಿ ತಂದೆ. ನನ್ನ ಹೆಡ್‌ಫೋನ್ ಸರಿಯಿರಲಿಲ್ಲವಾದ್ದರಿಂದ ಟೇಪನ್ನೂ ಯಂತ್ರವನ್ನೂ ಎತ್ತಿಕೊಂಡು ಆ ಗಡಿಯಾರದವರ ಅಂಗಡಿಗೇ ಹೋದೆ. ನನ್ನ ವಯಸ್ಸಿನವರೇ, ಒಂಟಿ ಜೀವ. ಯಾರೆಂದು ತಿಳಿದ ಮೇಲೆ ಕೂರಲು ಒಂದು ಸ್ಟೂಲು ಒರೆಸಿ ಕೊಟ್ಟರು. ಆಮೇಲೆ ಬಾಗಿಲು ಮುಚ್ಚಿ, ಗೋಡೆಯ ಗಡಿಯಾರಗಳ ಲೋಲಕಗಳನ್ನು ಒಂದೊಂದಾಗಿ ಬೆರಳಿಟ್ಟು ನಿಲ್ಲಿಸಿದರು. ಟೇಪನ್ನು ಅರ್ಧ ವೇಗದಲ್ಲಲ್ಲ, ಅದರ ನಿಜವಾದ ವೇಗದಲ್ಲಿ ಓಡಿಸಿದೆವು. ಟೇಪು ಕೊನೆಗೆ ಬರುವಾಗ ನಾನು ಏನೋ ಹೇಳಲು ಹೋದೆ, ಅವರು ಅಂಗೈ ಎತ್ತಿದರು. ಆಮೇಲೆ ನನ್ನ ಮುಖ ನೋಡಿ, ಇಲ್ಲಿ ಒಬ್ಬ ಹೆಣ್ಮಗಳು ಇದಾರೆ ಸ್ವಾಮಿ, ದಾರ ಹಲ್ಲಲ್ಲಿ ಕಡೀತಾರೆ, ಆಮೇಲೆ ಏನೋ ಹೇಳ್ತಾರೆ, ನಿಮಗೆ ಕೇಳಿಸ್ತಾ ಎಂದು ಕೇಳಿದರು. ಕೇಳಿಸಿತು ಎಂದೆ.

ಆ ಮಾತನ್ನೇ ನಾನು ಅರ್ಧ ವೇಗಕ್ಕೆ ಎಳೆದಿದ್ದೆ. ಅದೇ ನಿಟ್ಟುಸಿರಾಗಿ ಆರು ವರ್ಷ ಮನೆಮನೆಗೂ ಹೋಯಿತು. ಜನ ಹಡಗಿನ ಜೀವ ಎಂದುಕೊಂಡದ್ದು ನಿನ್ನನ್ನು. ಸಾವಿರ ಸಲ ಆ ತುಣುಕನ್ನು ಕತ್ತರಿಸಿ ಅಂಟಿಸಿದ ನನಗೆ ಒಮ್ಮೆಯೂ ಅನುಮಾನ ಬರಲಿಲ್ಲ. ಬಾಬಿನ್ನಿನ ದಾರ ಮುಗಿದು ನೀನು ತಲೆ ಎತ್ತಿದ್ದು ನೆನಪಿದೆ, ತುಟಿ ಅಲ್ಲಾಡಿದ್ದೂ ನೆನಪಿದೆ. ನನ್ನ ಅಂಗೈ ಮೇಲೆದ್ದದ್ದೂ ನೆನಪಿದೆ. ನೀನು ಏನು ಹೇಳಿದೆಯೆಂಬುದಷ್ಟೇ ನೆನಪಿರಲಿಲ್ಲ.

ಸೋಮವಾರ ನಿರ್ದೇಶಕಿಗೆ ಬಂದರಿನ ಕಥೆ ಸುಳ್ಳೆಂದು ಹೇಳಿಬಿಟ್ಟೆ. ಅವಳು ಸಿಟ್ಟಾಗಲಿಲ್ಲ. ಹಾಗಾದ್ರೆ ಅವರ ಹೆಸರು ಹಾಕ್ಬೇಕಲ್ವಾ ಸರ್ ಎಂದಳು. ಎಂಟನೇ ಕಂತಿನ ಕೊನೆಯಲ್ಲಿ 'ಹಡಗಿನ ಉಸಿರು' ಎಂದು ಬರೆದು ಅದರ ಮುಂದೆ ನಿನ್ನ ಹೆಸರು ಹಾಕುತ್ತಾರಂತೆ. ಹಳೆಯ ಟೇಪನ್ನು ತೊಳೆದು ಶುದ್ಧ ಮಾಡುವವರೂ ಅವರಲ್ಲಿ ಇದ್ದಾರಂತೆ. ಟೇಪು ಕೊಡಿ ಎಂದಳು. ಕೊಟ್ಟಿಲ್ಲ. ಒಂದು ಸಲ ನಿನ್ನನ್ನು ಕೇಳದೆ ಕೊಟ್ಟೆ, ಎರಡನೆಯ ಸಲ ಕೊಡುವುದಿಲ್ಲ. ಇಪ್ಪತ್ತೆಂಟನೇ ತಾರೀಖಿನವರೆಗೆ ಕಾಯುತ್ತೇವೆ ಎಂದಿದ್ದಾರೆ. ನೀನು ಬೇಡವೆಂದರೆ ಹಡಗು ಹನ್ನೆರಡನೇ ಕಂತಿಗೆ ನಿಂತುಹೋಗಲಿ, ಗಡಿಯಾರದವರ ಹತ್ತಿರ ನಾನೇ ಹೋಗಿ ಕ್ಷಮೆ ಕೇಳುತ್ತೇನೆ.

ಹೀಗಾಗಿ, ಮೊದಲ ಪುಟದಲ್ಲಿ ಮಿಷನ್ ಕೇಳಿದ್ದನ್ನು ಹೊಡೆದುಹಾಕು. ಅದು ನೆಪ. ಹೊಸ ಹಾಳೆಯಲ್ಲಿ ತಿದ್ದಿ ಬರೆಯಬಹುದಿತ್ತು, ಆದರೆ ನೆಪ ಹೂಡಿ ಶುರು ಮಾಡುವ ನನ್ನ ಬುದ್ಧಿ ನಿನಗೆ ತಿಳಿಯದ್ದೇನಲ್ಲ. ಕೇಳಬೇಕಾಗಿದ್ದು ಎರಡೇ. ಟೇಪು ಕೊಡಲೇ, ಬೇಡವೇ? ಮತ್ತೆ, ಅವತ್ತು ಮೂರನೇ ಸಾಲಿನಲ್ಲಿ ಕೂರಿಸಿ ನಿನ್ನನ್ನು ಇಲ್ಲವೆನಿಸಿದ್ದಕ್ಕೆ ನನ್ನನ್ನು ಕ್ಷಮಿಸಲಾದೀತೇ? ಮೊದಲನೆಯದಕ್ಕೆ ಉತ್ತರ ಬರೆದರೂ ಸಾಕು.

ಕಣ್ಣಿಗೆ ಕನ್ನಡಕ ಹಾಕಿಕೊಂಡೇ ದಾರ ಪೋಣಿಸು. ತಂಗಿಗೂ ಅವಳ ಮನೆಯವರಿಗೂ ನನ್ನ ನೆನಪು.

ನಿನ್ನ
ಸದ್ದಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಫೋನು ಕೆಟ್ಟಿಲ್ಲ. ಹೆಡ್‌ಫೋನೂ ಚೆನ್ನಾಗಿಯೇ ಇದೆ. ಕೆಟ್ಟಿರುವುದು ನನ್ನ ಕಿವಿ, ಎರಡು ವರ್ಷದಿಂದ. ಎದುರು ನಿಂತು ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ, ಮಿಷನ್ ಓಡುವುದನ್ನು ಮೇಜಿನ ಮೇಲೆ ಕೈಯಿಟ್ಟು ತಿಳಿದುಕೊಳ್ಳುತ್ತೇನೆ. ಗಡಿಯಾರದವರು ಲೋಲಕಗಳನ್ನು ನಿಲ್ಲಿಸುವ ಮುಂಚೆಯೂ ಆ ಅಂಗಡಿ ನನಗೆ ನಿಶ್ಶಬ್ದವಾಗಿಯೇ ಇತ್ತು. ನಿನ್ನ ಮಾತು ಬಂದಾಗ ಟೇಪು ಯಂತ್ರದ ಸದ್ದಳೆಯುವ ಮುಳ್ಳು ಅಲ್ಲಾಡಿದ್ದನ್ನು ಮಾತ್ರ ಕಂಡೆ. ಮನೆಗೆ ತಂದ ಮೇಲೆ ಏಳು ಸಲ ಹಾಕಿ ನೋಡಿದೆ, ಏಳು ಸಲವೂ ಮುಳ್ಳು ಅಲ್ಲಾಡಿತು. ಅವರಿಗೆ ನನ್ನ ಸುಳ್ಳು ಗೊತ್ತಾಯಿತೆಂದು ಕಾಣುತ್ತದೆ. ನಾನು ಹೊರಡುವಾಗ ನಿನ್ನ ಮಾತನ್ನು ಒಂದು ಚೀಟಿಯಲ್ಲಿ ತಮ್ಮ ಸಣ್ಣ ಅಕ್ಷರದಲ್ಲಿ ಬರೆದು ನನ್ನ ಅಂಗಿಯ ಜೇಬಿಗೆ ಹಾಕಿದರು. 'ಎಷ್ಟ್ ಹೊತ್ತು ನಿಂತಿರ್ತೀರಿ, ಕಾಲು ನೋಯಲ್ವಾ, ಕೂತ್ಕೊಳ್ಳಿ.' ಇಷ್ಟೇ.

ನೀನು ಬರುತ್ತೀಯೆಂದು ನಾನು ಹೇಳುತ್ತಿಲ್ಲ. ಬಂದರೆ ಬಾಗಿಲು ಬಡಿಯಬೇಡ, ಗಂಟೆ ಒತ್ತಬೇಡ, ಸುಮ್ಮನೆ ತಳ್ಳಿಕೊಂಡು ಒಳಗೆ ಬಾ. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತಿದ್ದೇನೆ.