ಒಂಬತ್ತು ಅಂಕದ ಶಾಲೆ

ಕೆಲ್ಬರ್ನ್, ಒಹಾಯೊ
ಭಾನುವಾರ, ೯ ಫೆಬ್ರವರಿ ೨೦೧೪

ಮುದ್ದಿನ ತಂಗಿ ಡೀಡ್ರಾಗೆ,

ನಮ್ಮೂರಿನ ಎರಡು ಸರ್ಕಾರಿ ಹೈಸ್ಕೂಲುಗಳಲ್ಲಿ ನಿನ್ನ ಮಗಳು ಟೆಸ್‌ಗೆ ಯಾವುದು ಒಳ್ಳೆಯದು ಎಂದು ನೀನು ಫೋನಿನಲ್ಲಿ ಕೇಳಿದಾಗ, "ಎರಡೂ ಪರವಾಗಿಲ್ಲ ಕಣೆ" ಎಂದು ಜಾರಿಕೊಂಡೆ. ನಮ್ಮ ಶಾಲೆಯ ಸಲಹೆಗಾರ್ತಿ ಪೆಲ್ಹಮ್ ಪಕ್ಕದಲ್ಲೇ ನಿಂತಿದ್ದಳು. ಇಲ್ಲಿ ಮನೆ ಯಾವ ಶಾಲೆಯ ಗಡಿಯಲ್ಲಿದೆಯೋ ಮಗು ಆ ಶಾಲೆಗೇ ಸೇರಬೇಕು; ಬರುವ ಶುಕ್ರವಾರ ನೀನು ಗುಡ್ಡದ ಮೇಲಿನ ನಮ್ಮ ಶಾಲೆಯ ಗಡಿಯೊಳಗೆ ಮನೆ ಕೊಳ್ಳಲು ಸಹಿ ಹಾಕುವವಳಿದ್ದೀಯ. ಅದಕ್ಕೆ ಮೊದಲು ಈ ಕಾಗದ ಓದು.

ಶಾಲೆಗಳಿಗೆ ಅಂಕ ಕೊಡುವ ವೆಬ್‌ಸೈಟಿನಲ್ಲಿ ನಮಗೆ ಹತ್ತಕ್ಕೆ ಒಂಬತ್ತು, ನದಿಯಾಚೆಯ ಶಾಲೆಗೆ ಐದು. ನಂಬಬೇಡ. ಹತ್ತು ವರ್ಷದಿಂದ ಇಲ್ಲಿ ದಾಖಲಾತಿ ನೋಡುವವಳು ನಾನು. ಪ್ರತಿ ವರ್ಷ ರಾಜ್ಯದ ಪರೀಕ್ಷೆಗೆ ತಿಂಗಳಿರುವಾಗ ಪೆಲ್ಹಮ್ ಕೆಲವು ಅಪ್ಪ ಅಮ್ಮಂದಿರನ್ನು ಕರೆಸುತ್ತಾಳೆ. ಕಾಫಿ, ಡೋನಟ್ ಎಲ್ಲ ಇರುತ್ತದೆ. "ಪಾಪ, ನಿಮ್ ಮಗೂಗೆ ಇಲ್ಲಿ ಉಸಿರು ಕಟ್ತಿದೆ. ಮನೇಲೇ ಕೂತು ಕಂಪ್ಯೂಟರಲ್ಲಿ ಓದ್ಲಿ ಬಿಡಿ" ಅನ್ನುತ್ತಾಳೆ. ಅವರು ಸಹಿ ಹಾಕಿ, ಅವಳಿಗೇ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಹೋದ ವರ್ಷ ಹಾಗೆ ಹೋದವರು ಹದಿನಾಲ್ಕು ಮಕ್ಕಳು, ಎಲ್ಲರೂ ಓದಿನಲ್ಲಿ ಹಿಂದಿದ್ದವರೇ. ಅಂಥವರು ಪರೀಕ್ಷೆಗೆ ಕೂರದಿರುವುದರಿಂದಲೇ ನಮಗೆ ಆ ಒಂಬತ್ತು. ಒಂಬತ್ತು ಮಂದಿ ಬೇಸಿಗೆಯೊಳಗೆ ಓದನ್ನೇ ಬಿಟ್ಟರು.

ಇದು ಯಾರ್ಯಾರಿಗೆ ಗೊತ್ತೋ! ಗಣಿತದ ಗ್ರಿಗ್ಸ್ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾನೆ. ಬೀಗ ಹಾಕಿಟ್ಟಿದ್ದ ನನ್ನ ಡ್ರಾಯರು ಎರಡು ಸಲ ತೆರೆದಿತ್ತು. ನನಗೆ ಹುಚ್ಚು ಅನ್ನುತ್ತೀಯೇನೋ, ಅನ್ನು.

ಮಂಗಳವಾರ ಕಾಗದ ಕೊಡುವ ನೆಪದಲ್ಲಿ ನದಿಯಾಚೆಯ ಶಾಲೆಗೆ ಹೋಗಿದ್ದೆ. ಗೋಡೆಯ ಬಣ್ಣ ಸುಲಿದಿದೆ, ಹೀಟರ್ ಗೊರಗೊರ ಅನ್ನುತ್ತದೆ. ತರಗತಿ ಬಿಟ್ಟ ಮೇಲೆ ಒಬ್ಬಳು ಹುಡುಗಿ ಒಂದೇ ಸಾಲನ್ನು ಓದಲಾಗದೆ ಅಳುತ್ತಿದ್ದಳು, ನಮ್ಮ ಟೆಸ್ ಹಾಗೆಯೇ. "ಅವಸರ ಏನಮ್ಮಾ, ಬಸ್ ಬರೋಕೆ ಇನ್ನೂ ಹೊತ್ತಿದೆ" ಎಂದು ಮೇಷ್ಟ್ರು ಪಕ್ಕದಲ್ಲಿ ಕೂತರು. ನಾನಿರುವುದು ಗೊತ್ತಾಗಿ ನಾಟಕ ಮಾಡುತ್ತಿದ್ದಾರೇನೋ ಎಂದು ಬಾಗಿಲ ಮರೆಯಲ್ಲಿ ಹತ್ತು ನಿಮಿಷ ನಿಂತೆ. ಅವರು ಏಳಲೇ ಇಲ್ಲ.

ಆ ಕಡೆಯೇ ಮನೆ ನೋಡು. ಟೆಸ್ ಜಾಣೆ, ಅವಳಿಗೆ ಬೇಕಿರುವುದು ಸ್ವಲ್ಪ ಹೊತ್ತು, ಅಷ್ಟೇ.

ನಿನ್ನ ಪುಕ್ಕಲು ಅಕ್ಕ,
ನೋರೀನ್

ತಾ.ಕ.: ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ಮಕ್ಕಳನ್ನು ಬಿಡಿಸುವ ಆ ಕಾಗದಗಳನ್ನೆಲ್ಲ ಹತ್ತು ವರ್ಷದಿಂದ ಟೈಪ್ ಮಾಡಿದವಳು ನಾನೇ. ನೀನು ಮುಂಚಿತವಾಗಿ ಕಳಿಸಿದ ಟೆಸ್‌ಳ ಅಂಕಪಟ್ಟಿ ಗುರುವಾರ ನಮ್ಮ ಶಾಲೆಗೆ ಬಂತು. ಅವಳು ನನಗೇನಾಗಬೇಕೆಂದು ಪೆಲ್ಹಮ್‌ಗೆ ಗೊತ್ತಿಲ್ಲ. ಮೊನ್ನೆ ಶುಕ್ರವಾರ ಈ ವರ್ಷದ ಪಟ್ಟಿಗೆ ಹನ್ನೆರಡನೆಯ ಹೆಸರು ಸೇರಿಸಿ ಕೊಟ್ಟಳು. ನಾನು ಅದನ್ನೂ ಟೈಪ್ ಮಾಡಿದೆ, ಡೀಡ್ರಾ. ಆ ಹಾಳೆ ಈ ಲಕೋಟೆಯಲ್ಲೇ ಇದೆ. ತಾಯಿಯ ಸಹಿಯ ಜಾಗ ಇನ್ನೂ ಖಾಲಿಯಿದೆ.