ಚೀಲಕ್ಕೊಂದು ಹಿಡಿ

ಫೆಬ್ರವರಿ 17, ಸೋಮವಾರ

ನನ್ನ ಹುಣಸೆ ಮಂಡಿಯಲ್ಲಿ ಹೆಂಗಸರು ಇವತ್ತು ನಲವತ್ತೊಂದು ಚೀಲ ಬಿಡಿಸಿದರು. ತಲಾ ಇಪ್ಪತ್ತೈದು ಕಿಲೋ ಹುಣಸೆ ಕೊಟ್ಟು, ಬೀಜ ನಾರು ತೆಗೆದ ತಿರುಳನ್ನು ಎಂದಿನಂತೆ ನಾನೇ ಕಾಟಾದ ಮುಂದೆ ನಿಂತು ತೂಗಿಸಿಕೊಂಡೆ. ಇಲ್ಲಿ ಕೈ ಸಾಲದೆ ಈ ವರ್ಷದಿಂದ ಕಲ್ಯಾಣದುರ್ಗಕ್ಕೂ ಲಾರಿಯಲ್ಲಿ ಹಣ್ಣು ಹೋಗುತ್ತಿದೆ. ಅಲ್ಲಿ ಮಗಳು ನಾಗರತ್ನನ ಶೆಡ್ಡು. ಎರಡೂ ಸೇರಿ ಗೋದಾಮಿನ ಒಟ್ಟು ತೂಕ ಕಡಿಮೆ ಬರುತ್ತಿದೆ. ಎಲ್ಲೋ ಒಂದು ಕೈ ಆಡುತ್ತಿದೆ. ಹಿಡಿಯದೆ ಬಿಡುವವಳಲ್ಲ ನಾನು.

ನಾಗರತ್ನನ ಹುಡುಗಿ ಹರ್ಷಿತಾ ನನ್ನ ಮನೆಯಲ್ಲೇ ಇದ್ದು ಡಿಗ್ರಿ ಓದುತ್ತಾಳೆ. ಸ್ಟ್ಯಾಟಿಸ್ಟಿಕ್ಸ್. ಪ್ರಾಜೆಕ್ಟಿಗೆಂದು ಹೋದ ವರ್ಷದ ತೂಕದ ಚೀಟಿ ಇಸಿದುಕೊಂಡಿದ್ದಳು. ಸಾವಿರದ ಇನ್ನೂರು ಚೀಲ. ಚೀಲಕ್ಕೆ ತಿರುಳು ಸರಾಸರಿ ಹದಿನಾಲ್ಕು ಕಿಲೋ, ಏರಿಳಿತ ಅರ್ಧ ಕಿಲೋ ಅಂದಳು. ಅಷ್ಟು ನನ್ನ ಕೈಗೇ ಗೊತ್ತು. ಆದರೆ ಅವಳು ಬರೆದ ಚಿತ್ರ ಹಿಡಿಸಿತು. ನಡುವೆ ಉಬ್ಬಿ ಎರಡೂ ಕಡೆ ಇಳಿಯುವ ಗುಡ್ಡ. ನಾರ್ಮಲ್ ಅನ್ನುತ್ತಾರಂತೆ.

ಫೆಬ್ರವರಿ 19, ಬುಧವಾರ

ಹರ್ಷಿತಾಳ ಪುಸ್ತಕದ ಟೇಬಲ್ ನೋಡುವುದು ಕಲಿತೆ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ತೊಂಬತ್ತೊಂದು ಬಂದವಳು ನಾನು, ಮರೆತಿಲ್ಲ. ಸರಾಸರಿಯಿಂದ ಎಷ್ಟು ದೂರ ಎಂದು ಕಳೆ, ಏರಿಳಿತದ ಅರ್ಧ ಕಿಲೋದಿಂದ ಭಾಗಿಸು, ಟೇಬಲ್‌ನಲ್ಲಿ ಹುಡುಕು.

ನನ್ನದೇ ಹಳೆಯ ಲೆಕ್ಕ ಮಾಡಿ ನೋಡಿದೆ. ಸೊಸೆಯಾಗಿ ಬಂದ ಮೇಲೆ ಎಂಟು ವರ್ಷ ಅತ್ತೆಯ ಚೀಲಗಳಿಂದ ತಿರುಳು ತೆಗೆದವಳು ನಾನು. ಒಂದರಲ್ಲಿ ಹೆಚ್ಚು ತೆಗೆದದ್ದಿಲ್ಲ. ಚೀಲಕ್ಕೊಂದು ಹಿಡಿ, ಇನ್ನೂರು ಗ್ರಾಂ. ಆ ಹದ್ದಿನ ಕಣ್ಣಿಗೆ ಒಂದು ದಿನವೂ ಬೀಳಲಿಲ್ಲ. ಟೇಬಲ್ ಹೇಳುತ್ತದೆ — ನೂರಕ್ಕೆ ಮೂವತ್ತನಾಲ್ಕು ಚೀಲ ತಾನಾಗಿಯೇ ಅದಕ್ಕಿಂತ ಹಗುರ ಇರುತ್ತವೆ. ಅತ್ತೆಯ ಹತ್ತಿರ ಈ ಪುಸ್ತಕವಿದ್ದಿದ್ದರೂ ನಾನು ಸಿಕ್ಕುತ್ತಿರಲಿಲ್ಲ.

ನಾಗರತ್ನನ ಮದುವೆಯಲ್ಲಿ ಈ ಕಥೆ ಹೇಳಿ ನಗಿಸಿದ್ದೆ.

ಫೆಬ್ರವರಿ 24, ಸೋಮವಾರ

ಸಿಕ್ಕಿತು. ಓಬಕ್ಕನ ಚೀಲ — ಹನ್ನೆರಡು ಕಿಲೋ ಒಂಬೈನೂರು.

ಸರಾಸರಿಗಿಂತ ಒಂದು ಕಿಲೋ ನೂರು ಗ್ರಾಂ ಕೆಳಗೆ, ಅರ್ಧದಿಂದ ಭಾಗಿಸಿದರೆ ಎರಡು ಪಾಯಿಂಟ್ ಎರಡು. ಟೇಬಲ್ ಪ್ರಕಾರ ಇಷ್ಟು ಹಗುರದ್ದು ಸಾವಿರಕ್ಕೆ ಹದಿನಾಲ್ಕು. ಇಪ್ಪತ್ತೆರಡು ವರ್ಷ ನನ್ನ ಎದುರಿಗೇ ಕೂತು ಬೀಜ ಬಿಡಿಸಿದವಳು. ನಲವತ್ತು ಹೆಂಗಸರ ಮುಂದೆ ನಿಲ್ಲಿಸಿ ಕೇಳಿದೆ.

"ಹಣ್ಣು ಒಣಗಿತ್ತು ಕಣಮ್ಮ, ಬೀಜಾನೇ ಜಾಸ್ತಿ. ಬೀಜ ತೂಗಿ ನೋಡ್ರಿ," ಅಂದಳು.

ಬೀಜ ಆಗಲೇ ರಾಶಿಗೆ ಸುರಿದಾಗಿತ್ತು. ಮಡಿಲು ಬಿಚ್ಚು ಅಂದೆ. ಬಿಚ್ಚಿದಳು. ಎಲೆ ಅಡಿಕೆ ಚೀಲ ಬಿತ್ತು, ಒಂದು ಸುಣ್ಣದ ಡಬ್ಬಿ ಬಿತ್ತು. ಡಬ್ಬಿ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು. ಎತ್ತಿಕೊಡಲಿಲ್ಲ. ಅವಳೇ ಬಗ್ಗಿ ತೆಗೆದುಕೊಂಡಳು.

"ಕಳ್ಳಿಗೆ ನನ್ನ ಮಂಡೀಲಿ ಜಾಗ ಇಲ್ಲ," ಅಂದೆ.

ಹಿಂದಿನ ಸಾಲಿನಿಂದ ಯಾರೋ ತೆಲುಗಿನಲ್ಲಿ ಗೊಣಗಿದರು. "ದೊಂಗ ಚೇಯಿ ದೊಂಗಕೇ ತೆಲುಸ್ತುಂದಿ." ಕಳ್ಳರ ಕೈ ಕಳ್ಳರಿಗೇ ಗೊತ್ತಾಗುವುದಂತೆ. ತಿರುಗಿದೆ. ಎಲ್ಲರೂ ತಲೆ ತಗ್ಗಿಸಿ ಬೀಜ ಬಿಡಿಸುತ್ತಿದ್ದರು.

ಫೆಬ್ರವರಿ 27, ಗುರುವಾರ

ಹರ್ಷಿತಾ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಇವತ್ತು ಬಾಯಿಬಿಟ್ಟಳು.

"ಸಾವಿರಕ್ಕೆ ಹದಿನಾಲ್ಕು ಅಂದ್ರೆ ಕಳ್ಳಿ ಅಂತಲ್ಲ ಅಜ್ಜಿ. ಸಾವಿರದಿನ್ನೂರು ಚೀಲದಾಗೆ ಹದಿನೇಳು ಸುಮ್ನೆ ಹಂಗೇ ಬತ್ತವೆ. ಯಾರೂ ಮುಟ್ಟದೇ ಇದ್ರೂನೂ."

ಸುಮ್ಮನಿರಿಸಿದೆ. ಅವಳು ಕಾಲೇಜಿಗೆ ಹೋದ ಮೇಲೆ ಹೋದ ವರ್ಷದ ಚೀಟಿಗಳನ್ನು ಬಿಚ್ಚಿ ಎಣಿಸಿದೆ. ಅಷ್ಟು ಹಗುರದವು ಹದಿನಾರು. ಹದಿನಾರು ಬೇರೆ ಬೇರೆ ಹೆಸರು. ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ಒಂದೂ ಓಬಕ್ಕನದಲ್ಲ.

ಮತ್ತೆ ದಾರ ಕಟ್ಟಿ ಮೇಲಿಟ್ಟೆ.

ಕಾಟಾ ನೋಡುವ ಪಾಪಯ್ಯ ಸಂಜೆ ತಾನಾಗಿಯೇ ಹೇಳಿದ. ಓಬಕ್ಕ ಮೂರು ಮಂಡಿ ಸುತ್ತಿದಳಂತೆ, ಯಾರೂ ಸೇರಿಸಿಕೊಳ್ಳಲಿಲ್ಲವಂತೆ. ನಾನು ಕಳ್ಳಿ ಅಂದವಳನ್ನು ಈ ಊರಿನಲ್ಲಿ ಯಾರು ಕೂರಿಸುತ್ತಾರೆ? ಕೇಳಿ ಮೊದಲು ಸಮಾಧಾನವೇ ಆಯಿತು. ನನ್ನ ಮಾತಿಗೆ ಇನ್ನೂ ತೂಕವಿದೆ.

ಆಡಿದ ಮಾತನ್ನು ನುಂಗುವುದು ಈ ಮನೆಯಲ್ಲಿ ಇಲ್ಲ.

ಮಾರ್ಚ್ 6, ಗುರುವಾರ

ಹರ್ಷಿತಾ ಮುಂದಿನ ಪಾಠ ಜೋರಾಗಿ ಓದುತ್ತಿದ್ದಳು. ಅಡುಗೆ ಮನೆಯಿಂದಲೇ ಕೇಳಿಸಿಕೊಂಡೆ. ಒಂದು ಚೀಲ ಹೇಗೆ ಬೇಕಾದರೂ ಕುಣಿಯುತ್ತದೆ. ಬಹಳ ಚೀಲಗಳ ಸರಾಸರಿ ಹಾಗೆ ಕುಣಿಯುವುದಿಲ್ಲ. ಅರವತ್ತನಾಲ್ಕು ಚೀಲವಾದರೆ ಏರಿಳಿತ ಎಂಟನೇ ಒಂದು ಪಾಲು. ಅರ್ಧ ಕಿಲೋ ಹೋಗಿ ಅರವತ್ತೆರಡು ಗ್ರಾಂ.

ಸೌಟು ಹಿಡಿದುಕೊಂಡೇ ಹೊರಗೆ ಬಂದೆ. ಚೀಲಕ್ಕೊಂದು ಹಿಡಿ ತೆಗೆದರೆ?

"ಒಂದು ಚೀಲದಾಗೆ ಕಾಣಾಕಿಲ್ಲ ಅಜ್ಜಿ. ಅರವತ್ನಾಲ್ಕು ಸೇರಿದ್ರೆ ಮುಚ್ಚಾಕಾಗಲ್ಲ."

ಒಳಗೆ ಸಾರು ತಳ ಹತ್ತಿತು.

ಕಲ್ಯಾಣದುರ್ಗದ ಚೀಟಿ ತೆಗೆದೆ. ನನ್ನದೇ ಹಣ್ಣು, ಅಂಥದೇ ಚೀಲ. ಈ ತಿಂಗಳು ಬಂದವು ಸರಿಯಾಗಿ ಅರವತ್ತನಾಲ್ಕು. ಹದಿಮೂರರ ಕೆಳಗೆ ಒಂದೂ ಇಲ್ಲ. ಎಲ್ಲ ಸಾಧು, ಎಲ್ಲ ಒಳ್ಳೆಯ ಚೀಲಗಳು. ಸರಾಸರಿ ಹದಿಮೂರು ಪಾಯಿಂಟ್ ಎಂಟು.

ಇನ್ನೂರು ಗ್ರಾಂ.

ಮಾರ್ಚ್ 7, ಶುಕ್ರವಾರ

ಊರು ಹೆಸರು ಕತ್ತರಿಸಿ, ಬರೀ ತೂಕದ ಪಟ್ಟಿಯನ್ನು ಹರ್ಷಿತಾಗೆ ಕೊಟ್ಟೆ. ಖುಷಿಯಿಂದ ಕೂತಳು. ಕಾಲು ಗಂಟೆ ಹಿಡಿಯಲಿಲ್ಲ. ಇನ್ನೂರನ್ನು ಅರವತ್ತೆರಡರಿಂದ ಭಾಗಿಸಿ ಮೂರು ಪಾಯಿಂಟ್ ಎರಡು. ಹತ್ತು ಸಾವಿರಕ್ಕೆ ಏಳು.

"ಇದು ಸುಮ್ನೆ ಬಂದಿದ್ದಲ್ಲ ಅಜ್ಜಿ. ದಿನಾ ತೆಗೀತಾವ್ರೆ. ಓಬಕ್ಕನ್ನ ಬಿಟ್ಟು ಇವ್ರನ್ನ ಹಿಡೀಬೇಕಿತ್ತು ನೀನು. ಯಾರಿದು?"

"ನಿಮ್ಮಮ್ಮ."

ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು. ಮತ್ತೆ ಹಾಕಿದಳು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

ಗೊತ್ತಿತ್ತು ಅಂದೆ. ಹಾಗಾದರೆ ನನ್ನ ಕೈಲಿ ಯಾಕೆ ಮಾಡಿಸಿದೆ ಅಂದಳು. ಲೆಕ್ಕ ಕಲಿಸಿದವಳು ನೀನು, ಕೊನೆಯವರೆಗೆ ನೀನೇ ಮಾಡಬೇಕು ಅಂದೆ. ಅನ್ನಬಾರದಿತ್ತು ಅಂತ ಈಗಲೂ ಅನ್ನಿಸುತ್ತಿಲ್ಲ.

ಊಟ ಬಿಟ್ಟಳು. ಬಿಡಲಿ.

ಮಾರ್ಚ್ 9, ಭಾನುವಾರ

ಮೊದಲ ಬಸ್ಸಿಗೆ ಕಲ್ಯಾಣದುರ್ಗ. ಹೇಳದೆ ಹೋದೆ. ನಾಗರತ್ನ ಕಾಫಿ ಕೊಟ್ಟಳು. ಕುಡಿಯದೆ ನೆಟ್ಟಗೆ ಅಡುಗೆ ಮನೆಯ ಹಿಂದಕ್ಕೆ ನಡೆದೆ. ಎರಡು ದೊಡ್ಡ ಜಾಡಿ, ಉಪ್ಪು ಬೆರೆಸಿ ಅದುಮಿದ ತಿರುಳು. ನಾನು ಬಚ್ಚಿಡುತ್ತಿದ್ದುದೂ ಅಂಥ ಜಾಡಿಯಲ್ಲೇ. ಉಪ್ಪು ಬೆರೆಸುತ್ತಿದ್ದುದೂ ಹಾಗೆಯೇ.

ಅವಳು ಹೆದರಲಿಲ್ಲ, ಅಳಲಿಲ್ಲ.

"ಒಂದರಾಗೇ ಜಾಸ್ತಿ ತೆಗೀಬೇಡ, ಎಲ್ಲಾದ್ರಾಗೂ ಒಂದೊಂದು ಹಿಡಿ — ಯಾರಮ್ಮ ಹೇಳ್ಕೊಟ್ಟಿದ್ದು?"

ನಾಳೆಯಿಂದ ಲಾರಿ ಬರುವುದಿಲ್ಲ ಅಂದೆ. ಅವಳ ಶೆಡ್ಡಿನ ಹೆಂಗಸರು ಕೇಳಿಸಿಕೊಳ್ಳಲಿ ಅಂತ ಅಂಗಳಕ್ಕೆ ಬಂದು ಇನ್ನೊಮ್ಮೆ ಅಂದೆ. ಯಾಕೆ ಅಂತ ಮಾತ್ರ ಹೇಳಲಿಲ್ಲ. ಮಗಳು.

ಮಾರ್ಚ್ 16, ಭಾನುವಾರ

ಹರ್ಷಿತಾ ಹಾಸ್ಟೆಲ್ ಸೇರಿ ಆರು ದಿನ. ಫೋನ್ ಎತ್ತುವುದಿಲ್ಲ. ಟೇಬಲ್ ಇರುವ ಪುಸ್ತಕ ಮೇಜಿನ ಮೇಲೇ ಬಿಟ್ಟು ಹೋಗಿದ್ದಾಳೆ.

ಪಾಪಯ್ಯನನ್ನು ಕಳಿಸಿ ಓಬಕ್ಕನನ್ನು ಕರೆಸಿದೆ. ಹಿತ್ತಲ ಬಾಗಿಲಿಗೆ ಬಂದಳು. ಕೂರು ಅಂದರೆ ಕೂರಲಿಲ್ಲ. ಸೊರಗಿದ್ದಾಳೆ. ನಾಳೆಯಿಂದ ಬಾ, ನಿನ್ನ ಜಾಗ ಹಾಗೇ ಇದೆ ಅಂದೆ.

"ಕಳ್ಳಿ ಅಂದಿದ್ದು ನಲವತ್ತು ಜನದ ಮುಂದೆ. ಬಾ ಅಂತಿರಾದು ಹಿತ್ತಲಾಗೆ. ಇದ್ಯಾವ ತೂಕ ಕಣಮ್ಮ?" ದನಿ ಏರಿಸಲಿಲ್ಲ. "ಅವ್ರ ಮುಂದೇನೇ ಹೇಳ್ರಿ. ನಾನಲ್ಲ ಅಂದ್ರೆ ಯಾರು ಅಂತಾನೂ ಹೇಳ್ರಿ. ಹೇಳ್ದೆ ಇದ್ರೆ ಆ ಹೆಸ್ರು ನನ್ ಮ್ಯಾಲೇ ಇರ್ತದೆ. ಸಾಯೋಗಂಟ."

ಸೆರಗು ಸರಿಮಾಡಿಕೊಂಡು ಹೊರಟಳು. ಬೇಲಿಯ ಹತ್ತಿರ ನಿಂತು, ಬೆಳಗ್ಗೆ ಒಂಬತ್ತಕ್ಕೆ ಮಂಡಿ ಬಾಗಿಲಲ್ಲಿ ಇರುತ್ತೀನಿ ಅಂದಳು.

ಮಾರ್ಚ್ 17, ಸೋಮವಾರ. ಬೆಳಗ್ಗೆ 8

ಒಂಬತ್ತಕ್ಕೆ ಹೆಂಗಸರು ಕೂರುತ್ತಾರೆ. ಈಗಲೇ ಬಂದಿದ್ದಾಳೆ ಓಬಕ್ಕ. ಕಿಟಕಿಯಿಂದ ಕಾಣುತ್ತಾಳೆ, ಮಂಡಿ ಬಾಗಿಲ ಹೊರಗೆ, ಬಿಸಿಲಲ್ಲಿ.

ಕೂರಿಸಿ ಕಾಯಿಸಬಹುದು. ಕಳಿಸಿಯೂ ಬಿಡಬಹುದು. ನನ್ನನ್ನು ಕೇಳುವವರಿಲ್ಲ.

ಹೇಳುವುದಾದರೆ ಎಷ್ಟು ಬೇಕೋ ಅಷ್ಟೇ. ಬರೆದುಕೊಂಡರೆ ನಾಲಿಗೆ ತಡವರಿಸುವುದಿಲ್ಲ. ಸಾವಿರಕ್ಕೆ ಹದಿನಾಲ್ಕು ಎಂದು ಶುರು ಮಾಡಿದೆ, ಹೊಡೆದುಹಾಕಿದೆ. ಅದು ಅವರಿಗೆ ಬೇಡ.

ಓಬಕ್ಕ ಕದ್ದಿಲ್ಲ. ಚೀಲಕ್ಕೊಂದು ಹಿಡಿ ತೆಗೆದವಳು ನನ್ನ ಮಗಳು. ಅವಳಿಗೆ ಅದನ್ನು ಕಲಿಸಿದವಳು —