ಸಗರದ ಗುಡ್ಡಕ್ಕ ಬೇಲಿ

9 ಜನವರಿ 2012, ಸೋಮವಾರ
ಆಫೀಸಿನಾಗ ಅದೇ ಪ್ಲಾನು, ನಾಲ್ಕನೇ ಸಲ ಟೈಪ್ ಮಾಡಿದೆ. ಪರಿಸರ ಪ್ರವಾಸೋದ್ಯಮ. ಸಗರದ ಗುಡ್ಡದ ಮ್ಯಾಲ ಟೆಂಟು, ಕೆಳಗ ಹೊಂಡದಾಗ ಬೋಟು, ಸುತ್ತ ತಂತಿಬೇಲಿ. ಕೆನಾಲಿನ ಬಸಿನೀರು ನಿಂತು ಆದ ಹೊಂಡ ಅದು — ಮೊಣಕಾಲಮಟ್ಟ ನೀರು. ಬೋಟಂತ! ದಿಲ್ಲಿ ಕನ್ಸಲ್ಟೆಂಟ್ ಇನ್ನೂ ಗುಡ್ಡ ನೋಡೇ ಇಲ್ಲ. 'ನಿರುಪಯುಕ್ತ ಜಾಗ' ಅಂತ ಬರದಾನ. ಕುರಿ ಮೇಯ್ತಾವ್ರಿ ಅಂದೆ. ನಮ್ಮ ಸಾಹೇಬ್ರು ಬಸವಂತ್ರಾಯ, "ದೇವಕಮ್ಮ, ನೀವು ಟೈಪ್ ಮಾಡ್ರಿ ಸಾಕು" ಅಂದ್ರು.

11 ಜನವರಿ
ಗುಡ್ಡಕ್ಕ ಹೋಗಿದ್ವಿ. ಕನ್ಸಲ್ಟೆಂಟಿಗೆ ಹೊಸ ಟೊಪ್ಪಿಗಿ, ಹೊಸ ಬೂಟು. ಕನ್ನಡ ಒಂದಕ್ಷರ ಬರಂಗಿಲ್ಲ. ನಾನೇ ದುಭಾಷಿ. ಭೀಮವ್ವ ಅಂತ ಒಬ್ಬ ಮುದುಕಿ ಹೊಂಡದಾಗ ಕುರಿಗೆ ನೀರು ಕುಡಸಾಕತ್ತಿದ್ಲು. ಕನ್ಸಲ್ಟೆಂಟ್ ಆಕಿಗೆ ಕೋಲು ಹಿಡಿಸಿ ನಿಲ್ಲಿಸಿ ಹತ್ತು ಫೋಟೊ ಹೊಡೆದ. ಬೇಲಿಗೆ ಅಳತಿ ಮಾಡೂದು ನೋಡಿ ಆಕಿ ಕೇಳಿದ್ಲು, "ಬೇಲಿ ಬಡದ್ರ ನನ್ನ ಕುರಿ ನೀರೆಲ್ಲಿ ಕುಡೀಬೇಕು? ಕೇಳವ್ವಾ ಅವನ್ನ."
"ಕ್ಯಾ ಬೋಲಿ?" ಏನಂದ್ಲು ಅಂತ ಕನ್ಸಲ್ಟೆಂಟ್ ನನ್ನ ಕೇಳಿದ.
ಬಸವಂತ್ರಾಯ ನನ್ನ ಕಡಿ ಕಣ್ಣು ಬಿಟ್ರು.
"ಟೂರಿಸ್ಟ್ ಬಂದ್ರ ಖುಷಿ ಅಂತಾಳ್ರಿ..." ಅಂತ ಹಿಂದಿಯಾಗ ಹೇಳಿಬಿಟ್ಟೆ.
ಥೂ.

23 ಜನವರಿ
ರಿಪೋರ್ಟ್ ಬಂತು. ಕಲರ್ ಪ್ರಿಂಟು. ಭೀಮವ್ವನ ಫೋಟೊ ಇಡೀ ಪೇಜು. ಕೆಳಗ — 'ಸ್ಥಳೀಯ ಮಹಿಳೆಯರಿಂದ ಯೋಜನೆಗೆ ಸ್ವಾಗತ.' ಕಳ್ಳರು. ಆದ್ರ ಬೈಯಾಕ ನನಗ ಬಾಯಿ ಎಲ್ಲದ?

3 ಫೆಬ್ರುವರಿ, ಸಂಜಿ 5
ಸಗರದಾಗ ಗ್ರಾಮಸಭಾ. ಬಸವಂತ್ರಾಯ ಆ ಪೇಜು ಎತ್ತಿ ತೋರಿಸಿದ್ರು. "ನೋಡ್ರಿ, ನಿಮ್ಮ ಭೀಮವ್ವನೇ ಒಪ್ಪ್ಯಾಳ."
ಹಿಂದ ಕೂತಿದ್ದ ಭೀಮವ್ವ ಎದ್ಲು. ದನಿ ಏರಿಸಲಿಲ್ಲ. "ಆ ಆಫೀಸಿನವ್ವಗ ಕೇಳ್ರಿ, ನಾ ಏನಂದಿದ್ದೆ."
ಎಲ್ಲಾರೂ ನನ್ನ ಕಡಿ ತಿರುಗಿದ್ರು. ಎದ್ದೆ.
"ಕುರಿ ನೀರೆಲ್ಲಿ ಕುಡೀಬೇಕು ಅಂತ ಕೇಳಿದ್ಲು. ನಾ ಸುಳ್ಳು ಹೇಳಿದೆ."
ಕನ್ಸಲ್ಟೆಂಟ್ ಮೊಬೈಲ್ ನೋಡಾಕತ್ತಿದ್ದ. ಹೊಂಡ ಬಿಟ್ಟೇ ಬೇಲಿ ಹಾಕಬೇಕಂತ ಊರವರು ಠರಾವು ಬರೆಸಿದ್ರು. ಹೊರಗ ಭೀಮವ್ವ ಎದುರಾದ್ಲು. ಒಂದು ಒಳ್ಳೆ ಮಾತಾಡ್ತಾಳಂತ ನಿಂತೆ — ಎಂಥಾ ನಾಚಿಕಿಗೇಡಿ ನಾನು.
"ಅವತ್ತೇ ಹೇಳಬೇಕಿತ್ತಲ್ಲವ್ವಾ" ಅಂದು ಹೋದ್ಲು.

6 ಫೆಬ್ರುವರಿ
ಸಭಾದಾಗ ಹಂಗ್ಯಾಕ ಹೇಳಿದ್ರಿ ಅಂತ ನನಗ ಮೆಮೊ ಬಂತು. ಮೂರು ದಿನದಾಗ ಲಿಖಿತ ಉತ್ತರ ಕೊಡಬೇಕು. ಬಸವಂತ್ರಾಯ ಮೆಲ್ಲಕ ಅಂದ್ರು, "ಆಕಿ ಮಾತು ತಿಳೀಲಿಲ್ಲ ಅಂತ ಬರೀರಿ. ಮುಗೀತದ."
ನನ್ನೂರ ಮಾತು ನನಗ ತಿಳೀಲಿಲ್ಲಂತ.
ಹಾಳಿ ತಗೊಂಡು ಕೂತೇನಿ. 'ಮಾನ್ಯರೇ, ಭೀಮವ್ವ ಹೇಳಿದ್ದು ನನಗೆ ಪೂರ್ತಿ ತಿಳಿದಿತ್ತು. ತಿಳಿದೂ ನಾನು...